ತಡವಾಗಿ ಹೊಡೆಯುವ ಕಿಡಿ

ಮೇ ತಿಂಗಳ ಮಧ್ಯಾಹ್ನ ಅಫಜಲಪುರ ತಾಲ್ಲೂಕಿನ ಕರಜಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ನೆರಳಿಲ್ಲದೆ ನಿಂತ ಕಾರಿನ ಡಿಕ್ಕಿಯೊಳಗೆ ಇನ್ನೂ ಹೆಚ್ಚು. ಎಂಜಿನ್ನಿನ ಶಕ್ತಿ ಏರಿಸಲು ಅಲ್ಲಿ ಬಾಟಲಿಯಲ್ಲಿಟ್ಟ ನೈಟ್ರಸ್ ಆಕ್ಸೈಡ್‌ಗೋ 36.4 ಡಿಗ್ರಿಯೇ ಗಡಿ. ಅದನ್ನು ಮೀರಿತೆಂದರೆ ಎಷ್ಟು ಒತ್ತಿದರೂ ಬಾಟಲಿಯಲ್ಲಿ ದ್ರವ ಉಳಿಯುವುದಿಲ್ಲ. ಚಳಿ ಸೀಮೆಯವರು ಬಾಟಲಿಗೆ ಹೀಟರ್ ಸುತ್ತಿ ಒತ್ತಡವನ್ನು 900–950 ಪಿಎಸ್‌ಐಗೆ ಏರಿಸಿಕೊಳ್ಳುತ್ತಾರೆ. ಅಫಜಲಪುರ, ಆಳಂದ, ಜೇವರ್ಗಿ ಕಡೆಯವನಿಗೆ ಬೇಕಾದದ್ದು ನೆರಳು ಮತ್ತು ಒದ್ದೆ ಗೋಣಿಚೀಲ. ಬಾಟಲಿ ಕಾದರೆ ಒತ್ತಡ ಏರುತ್ತದೆ, ಒಳಗಿನದರ ಸಾಂದ್ರತೆ ಇಳಿಯುತ್ತದೆ. ಜೆಟ್ ಅದೇ ಇದ್ದರೂ ಎಂಜಿನ್ನಿಗೆ ಬೀಳುವ ನೈಟ್ರಸ್ಸಿನ ಪ್ರಮಾಣ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.

ಇಗ್ನಿಷನ್ ಬಾಕ್ಸ್ ಆರಿಸುವ ಮಾತಿಗೆ ಬಾಟಲಿಯಿಂದ ಹೊರಟದ್ದು ಇದಕ್ಕಾಗಿಯೇ. ಒಳಗೆ ಬೀಳುವುದು ದಿನವಿಡೀ ಬದಲಾಗುವಾಗ, ಕಿಡಿಯ ಸಮಯವನ್ನು ಅದಕ್ಕೆ ತಕ್ಕಂತೆ ಹಿಂದೆ ಸರಿಸಲು ಬಾರದ ಬಾಕ್ಸ್ ಎಷ್ಟೇ ದುಬಾರಿಯಾಗಿದ್ದರೂ ನನಗೆ ಬೇಡ.

ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ಆಮ್ಲಜನಕ ಸುಮಾರು ಶೇ 23. ನೈಟ್ರಸ್ಸಿನಲ್ಲಿ ಶೇ 36. ಸಿಲಿಂಡರಿನ ಕಾವಿಗೆ ಅದು ಒಡೆದು ಆಮ್ಲಜನಕ ಬಿಟ್ಟುಕೊಡುತ್ತದೆ, ಜತೆಗೆ ಹೆಚ್ಚಿನ ಪೆಟ್ರೋಲೂ ಬಿದ್ದಿರುತ್ತದೆ, ಬೆಂಕಿ ಮಾಮೂಲಿಗಿಂತ ಜೋರಾಗಿ ಓಡುತ್ತದೆ. ಪಿಸ್ಟನ್ ತುದಿ ಮುಟ್ಟಿ ಹದಿನೈದು ಡಿಗ್ರಿಯಷ್ಟು ಕೆಳಗಿಳಿದಾಗ ಒತ್ತಡ ಶಿಖರಕ್ಕೆ ಬರಬೇಕು. ಬೆಂಕಿ ಬೇಗ ಓಡಿದರೆ ಆ ಶಿಖರವೂ ಬೇಗ ಬರುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ತಲೆಯ ಮೇಲೆ ಏಟು ಬಿದ್ದಂತೆ. ಮೊದಲು ನಾಕಿಂಗ್, ಆಮೇಲೆ ರಿಂಗ್ ಕೂರುವ ಅಂಚು ಮುರಿಯುವುದು, ಕೊನೆಗೆ ಪಿಸ್ಟನ್ ತಲೆಯಲ್ಲಿ ತೂತು. 6000 ಆರ್‌ಪಿಎಂನಲ್ಲಿ ಒಂದು ಡಿಗ್ರಿ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ 28 ಭಾಗ. ಎಂಜಿನ್ ಉಳಿಯುವುದೂ ಸಾಯುವುದೂ ಅಷ್ಟರಲ್ಲೇ.

ಅಂಗಡಿಯಲ್ಲಿ ಮಾತ್ರ ಮಾತೆಲ್ಲ ವೋಲ್ಟಿನದು. ನಲವತ್ತು ಸಾವಿರ, ಐವತ್ತು ಸಾವಿರ. ಆದರೆ ಪ್ಲಗ್ಗಿನ ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟಕ್ಕೇ ವೋಲ್ಟ್ ಏರುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಅಂಕಿ ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ. ಸಿಡಿಐ (ಕೆಪ್ಯಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಬಾಕ್ಸಿನ ನಿಜವಾದ ಗುಣ ಬೇರೆ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಕಿಡಿ ಬೇಕು, ನಡುವೆ ಸಿಗುವುದು ಐದು ಮಿಲಿಸೆಕೆಂಡು. ಮಾಮೂಲಿ ಕಾಯಿಲ್ ಅಷ್ಟರಲ್ಲಿ ಪೂರಾ ತುಂಬಲು ಒದ್ದಾಡುತ್ತದೆ. ಸಿಡಿಐನಲ್ಲಿ ಕೆಪ್ಯಾಸಿಟರ್ ಮೊದಲೇ ತುಂಬಿಕೊಂಡು ಕಾದಿರುತ್ತದೆ.

ನಮ್ಮ ಕಡೆ ಸಿಡಿಐ ಎಂದ ಕೂಡಲೇ ನೆನಪಾಗುವುದು ಯಮಹಾ ಆರ್‌ಎಕ್ಸ್100. 1985ರಿಂದ 1996ರವರೆಗೆ ಬಂದ ಆ 98 ಸಿಸಿ ಗಾಡಿಯನ್ನು ಕೈಯಾರೆ ಬಿಚ್ಚಿ ಕಟ್ಟಿದ ಮೆಕ್ಯಾನಿಕ್‌ಗಳು ಈ ಸೀಮೆಯಲ್ಲಿ ಇನ್ನೂ ಇದ್ದಾರೆ, ಅವರ ಕಿವಿಯ ಮೇಲೆ ನನಗೆ ಪೂರ್ಣ ನಂಬಿಕೆ. ಆದರೆ ಅಲ್ಲಿ ಒಂದೇ ಸಿಲಿಂಡರ್, ಕರೆಂಟು ಮ್ಯಾಗ್ನೆಟ್ಟಿನಿಂದ. ಕಾರಿನ ಬಾಕ್ಸು ಬ್ಯಾಟರಿಯಿಂದ ಕರೆಂಟು ಎಳೆಯುತ್ತದೆ, ನಾಲ್ಕು ಸಿಲಿಂಡರಿಗೆ ಹಂಚುತ್ತದೆ. ಬೈಕಿನ ತೀರ್ಪನ್ನು ಕಾರಿಗೆ ತರಬಾರದು.

ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರ್ಬ್ಯುರೇಟರ್ ಮಾರುತಿ ಎಸ್ಟೀಮನ್ನೇ ತೆಗೆದುಕೊಳ್ಳಿ. ಇಂಥ ಕಾರಿಗೆ ಎಲ್ಲರೂ ಮೊದಲು ಹೆಸರಿಸುವುದು ಅಮೆರಿಕದ ಎಂಎಸ್‌ಡಿ 6ಎಎಲ್. ಗಟ್ಟಿ ಬಾಕ್ಸು. 3000 ಆರ್‌ಪಿಎಂ ಕೆಳಗೆ ಒಂದೇ ಸರದಿಗೆ ಹಲವು ಕಿಡಿ ಕೊಡುತ್ತದೆ, ಆರ್‌ಪಿಎಂ ಮಿತಿಯೂ ಇದೆ. ನೈಟ್ರಸ್ಸಿಗೆ ಬೇಕಾದ ರಿಟಾರ್ಡ್, ಅಂದರೆ ಕಿಡಿಯನ್ನು ತಡ ಮಾಡುವ ಸೌಲಭ್ಯ, ಮಾತ್ರ ಇಲ್ಲ. ಅದೇ ಕಂಪನಿಯ ಡಿಜಿಟಲ್ 6 ಪ್ಲಸ್‌ನಲ್ಲಿ ಒಂದು ಹಂತದ ರಿಟಾರ್ಡ್ ಇದೆ. 6ಎಎಲ್-2 ಪ್ರೋಗ್ರಾಮೇಬಲ್ ಆದರೆ ಲ್ಯಾಪ್‌ಟಾಪಿನಲ್ಲಿ ಬರೆದು ಕೊಡಬಹುದು. ನಾನಾದರೆ ಕಾಸು ಕೂಡಿಸುವವರೆಗೂ ಕಾದು ಕೊನೆಯದನ್ನೇ ಕೊಳ್ಳುತ್ತೇನೆ. ಇನ್ನೊಂದು ಮಾತು: ಈ ಬಾಕ್ಸುಗಳು ಎಂಟು ಸಿಲಿಂಡರಿನ ಲೆಕ್ಕಕ್ಕೆ ಹೊಂದಿಸಿ ಬರುತ್ತವೆ. ನಾಲ್ಕಕ್ಕೆ ಬದಲಿಸದೆ ಹಾಗೇ ಜೋಡಿಸಿದರೆ ಬಾಕ್ಸು ಆರ್‌ಪಿಎಂ ಅನ್ನು ಅರ್ಧ ಎಂದು ಓದುತ್ತದೆ. ನೀವು 6500ಕ್ಕೆ ಇಟ್ಟ ಮಿತಿ 13000ಕ್ಕೆ ಕೆಲಸ ಮಾಡುತ್ತದೆ, ಅಂದರೆ ಮಿತಿಯೇ ಇಲ್ಲ.

ಎಷ್ಟು ಡಿಗ್ರಿ ತಡ ಮಾಡಬೇಕು? ನೈಟ್ರಸ್ ಕೊಡುವ ಪ್ರತಿ 50 ಅಶ್ವಶಕ್ತಿಗೆ ಎರಡು ಡಿಗ್ರಿ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಅದು ಹುಟ್ಟಿದ್ದು ಐದು ಲೀಟರಿಗೂ ದೊಡ್ಡದಾದ ಅಮೆರಿಕದ ವಿ8 ಎಂಜಿನ್ನುಗಳಲ್ಲಿ. ಅಲ್ಲಿ ಆ 50 ಎಂಟು ಸಿಲಿಂಡರಿಗೆ ಹಂಚಿಹೋಗುತ್ತದೆ, ಒಂದಕ್ಕೆ ಆರು ಚಿಲ್ಲರೆ. ಎಸ್ಟೀಮಿನ 1298 ಸಿಸಿಗೆ 25 ಹಾಕಿದರೂ ಪ್ರತಿ ಸಿಲಿಂಡರಿಗೆ ಬೀಳುವುದು ಅಷ್ಟೇ, ಮೇಲಾಗಿ ಸಿಲಿಂಡರಿನ ಗಾತ್ರ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಇಲ್ಲಿ 25ಕ್ಕೇ ನಾಲ್ಕು ಡಿಗ್ರಿಯಿಂದ ಶುರು ಮಾಡಿ, ಪ್ಲಗ್ ಬಿಚ್ಚಿ ಓದಿ, ಆಮೇಲೆ ಅರ್ಧರ್ಧ ಡಿಗ್ರಿ ವಾಪಸು ಕೊಡಿ ಎನ್ನುತ್ತೇನೆ. ಸ್ವಲ್ಪ ಶಕ್ತಿ ಬಿಟ್ಟುಕೊಟ್ಟಂತಾಗುತ್ತದೆ, ಆಗಲಿ. ಡಿಸ್ಟ್ರಿಬ್ಯೂಟರಿನ ಒಳಗಿನ ಅಡ್ವಾನ್ಸ್ ತೂಕಗಳು ಸವೆದು ಜೋಲಾಡುತ್ತಿದ್ದರೆ ಈ ಲೆಕ್ಕವೆಲ್ಲ ನೀರಿನ ಮೇಲಿನ ಬರಹ. ಬಾಕ್ಸಿಗೆ ಮೊದಲು ಟೈಮಿಂಗ್ ಲೈಟ್ ಹಿಡಿದು ಅದನ್ನು ನೋಡಿ.

ರಿಟಾರ್ಡಿನ ತಂತಿಯನ್ನೂ ನೈಟ್ರಸ್ ಸೊಲೆನಾಯ್ಡಿನ ರಿಲೇಯನ್ನೂ ಒಂದೇ ಸ್ವಿಚ್ಚಿಗೆ ಕಟ್ಟಬೇಕು, ಎರಡೂ ಒಂದೇ ಕ್ಷಣಕ್ಕೆ ಎಚ್ಚರವಾಗಬೇಕು. ಬಾಕ್ಸಿನ ಫ್ಯೂಸ್ ಹೋದರೆ ನೈಟ್ರಸ್ಸೂ ನಿಲ್ಲುವಂತಿರಬೇಕು. ಆರ್‌ಪಿಎಂ ಮಿತಿಗೆ ತಾಗಿದಾಗ ಬಾಕ್ಸು ಕಿಡಿ ಕಡಿಯುತ್ತದೆ, ನೈಟ್ರಸ್ಸೂ ಪೆಟ್ರೋಲೂ ಮಾತ್ರ ಸುರಿಯುತ್ತಲೇ ಇರುತ್ತವೆ. ಮುಂದಿನ ಕಿಡಿಗೆ ಅದೆಲ್ಲ ಎಲ್ಲಿ ಹೊತ್ತಿಕೊಳ್ಳುತ್ತದೋ ಹೇಳಲಾಗದು. ಆದ್ದರಿಂದ ಮಿತಿಗೆ ಕೆಲವು ನೂರು ಆರ್‌ಪಿಎಂ ಮುಂಚೆಯೇ, ಹಾಗೆಯೇ 3000ದ ಕೆಳಗೂ, ನೈಟ್ರಸ್ ಮುಚ್ಚುವ ವಿಂಡೋ ಸ್ವಿಚ್ ಇಲ್ಲದೆ ಮುಂದುವರಿಯಬೇಡಿ.

ಪ್ಲಗ್ ಒಂದು ಹಂತ ತಣ್ಣಗಿನದಿರಲಿ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ತಣ್ಣಗೆ, ಈಗಿನ ಬಾಷ್‌ನಲ್ಲಿ ಇಳಿದಷ್ಟೂ ತಣ್ಣಗೆ. ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದರೂ ನಮ್ಮಲ್ಲಿ ಹಲವರಿಗೆ ಅದು ಇನ್ನೂ ಮೈಕೋ ಪ್ಲಗ್ಗೇ, ಹಾಗಾಗಿ ಹಳೆಯ ಅಂಕಿಗೂ ಈಗಿನದಕ್ಕೂ ಅದಲುಬದಲಾಗುವ ಅಪಾಯವಿದೆ. ರೆಸಿಸ್ಟರ್ ಪ್ಲಗ್ಗನ್ನೇ ಹಾಕಿ. ಇಲ್ಲದಿದ್ದರೆ ಕಿಡಿಯ ಗದ್ದಲ ಬಾಕ್ಸಿನೊಳಗಿನ ಚಿಪ್ಪಿನ ಲೆಕ್ಕ ಕೆಡಿಸುತ್ತದೆ.

ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಇರುವ ಈಗಿನ ಕಾರಿಗೆ ಈ ಬಾಕ್ಸುಗಳು ಹೊಂದುವುದಿಲ್ಲ. ಅಲ್ಲಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನಲ್ಲೇ ಟೈಮಿಂಗ್ ಬದಲಿಸಬೇಕು.

ಇದೆಲ್ಲ ಸ್ಪರ್ಧೆಯ ಟ್ರ್ಯಾಕಿಗೆ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮನಬಂದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ, 189ನೇ ಕಲಂ ರಸ್ತೆ ರೇಸಿಗೆ ಶಿಕ್ಷೆ ಹೇಳುತ್ತದೆ. ಕಬ್ಬಿನ ಟ್ರ್ಯಾಕ್ಟರು ದೀಪವಿಲ್ಲದೆ ಬರುವ ಅಫಜಲಪುರದ ದಾರಿಯಲ್ಲಿ ನೈಟ್ರಸ್ ತೆರೆಯುವುದಕ್ಕೆ ನನ್ನಿಂದ ಯಾವ ಸಲಹೆಯೂ ಇಲ್ಲ. ಚೆನ್ನೈನ ಟ್ರ್ಯಾಕ್ ದೂರ ನಿಜ. ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿ.

ಬಾಕ್ಸನ್ನು ಬಾನೆಟ್ಟಿನ ಕೆಳಗೆ ಎಕ್ಸಾಸ್ಟಿನ ಮಗ್ಗುಲಿಗೆ ಕೂರಿಸಬೇಡಿ. ನಮ್ಮ ಬಿಸಿಲಿಗೆ ಅಲ್ಲಿನ ಕಾವು ಕೆಪ್ಯಾಸಿಟರಿನ ಆಯಸ್ಸು ತಿನ್ನುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ, ಗಾಳಿ ಆಡುವ ಕಡೆ, ರಬ್ಬರ್ ಬುಷ್ ಹಾಕಿ ಕೂರಿಸಿ. ದಪ್ಪ ಕೆಂಪು ತಂತಿಯನ್ನೂ ದಪ್ಪ ಕಪ್ಪು ತಂತಿಯನ್ನೂ ನೇರ ಬ್ಯಾಟರಿಗೇ ಒಯ್ಯಿರಿ.