ಗ್ರೆಗರಿಯ ‘ಪಾಲಕನಿಯಮ’ದಲ್ಲಿ ತಾರತಮ್ಯಜ್ಞಾನ

ಸಭಾಪಾಲಕರಿಗಾಗಿ ರಚಿತವಾದ ಗ್ರಂಥಗಳು ಪಾಶ್ಚಾತ್ಯ ಕ್ರೈಸ್ತಸಾಹಿತ್ಯದಲ್ಲಿ ಹಲವಿದ್ದರೂ ಮಹಾ ಗ್ರೆಗರಿಯ ‘ರೆಗುಲ ಪಾಸ್ತೊರಾಲಿಸ್’ಗೆ ಸಂದ ಮನ್ನಣೆ ಅವುಗಳಲ್ಲಿ ಕೆಲವಕ್ಕೆ ಮಾತ್ರ ಸಂದಿದೆ. ‘ಪಾಲಕನಿಯಮ’ವೆಂದು ಕನ್ನಡಿಸಬಹುದಾದ ಈ ಲ್ಯಾಟಿನ್ ಕೃತಿಯನ್ನು ಬಿಷಪ್ಪನಾದವನಲ್ಲಿ ಇರತಕ್ಕ ಸದ್ಗುಣಗಳ ಕೈಪಿಡಿಯೆಂದು ಕೆಲವರೂ, ಮನುಷ್ಯಸ್ವಭಾವಗಳ ಸೂಕ್ಷ್ಮ ವರ್ಗೀಕರಣವೆಂದು ಮತ್ತೆ ಕೆಲವರೂ ಓದುವುದುಂಟು. ಇವೆರಡೂ ತಪ್ಪಲ್ಲ, ಆದರೆ ಗ್ರಂಥದ ಜೀವಾಳ ಇವೆರಡರಲ್ಲಿಯೂ ಇಲ್ಲವೆಂದು ನಮಗೆ ತೋರುತ್ತದೆ. ಅದು ಇರುವುದು ‘ದಿಸ್ಕ್ರೆತಿಯೊ’ ಎಂಬ ಒಂದು ಶಬ್ದದಲ್ಲಿ.

ಈ ಶಬ್ದವನ್ನು ಕನ್ನಡದಲ್ಲಿ ‘ವಿವೇಕ’ವೆಂದು ಅನುವಾದಿಸುವುದು ಸುಲಭ. ಆದರೆ ನಮ್ಮ ದರ್ಶನಪರಂಪರೆಯಲ್ಲಿ ವಿವೇಕವೆಂದರೆ ಮೊದಲು ನೆನಪಿಗೆ ಬರುವುದು ನಿತ್ಯಾನಿತ್ಯವಸ್ತುವಿವೇಕ. ಗ್ರೆಗರಿಯ ಚಿಂತೆ ಅದಲ್ಲ. ಒಂದೇ ಬಗೆಯಾಗಿ ಕಾಣುವ ಎರಡರಲ್ಲಿ ಯಾವುದು ಒಳಿತು, ಯಾವುದು ಒಳಿತಿನ ವೇಷ ತೊಟ್ಟ ಕೆಡುಕು ಎಂದು ಆಯಾ ಸಂದರ್ಭದಲ್ಲಿ ಕಂಡುಕೊಳ್ಳುವ ಶಕ್ತಿಯೇ ಅವನಿಗೆ ಬೇಕಾದುದು. ‘ತಾರತಮ್ಯಜ್ಞಾನ’ವೆಂಬ ಹಳೆಯ ಮಾತು ಇದಕ್ಕೆ ಹೆಚ್ಚು ಹೊಂದುತ್ತದೆ.

ಕೃತಿ ಹುಟ್ಟಿದ ಕಾಲವನ್ನು ಇಲ್ಲಿ ಸ್ವಲ್ಪ ನೆನೆಯಬೇಕು. 589ರಲ್ಲಿ ಟೈಬರ್ ನದಿ ಉಕ್ಕಿ ರೋಮ್ ನಗರ ಮುಳುಗಿತು. ಮರುವರ್ಷ ಮಹಾಮಾರಿ ಬಂದು ಪೋಪ್ ಎರಡನೆಯ ಪೆಲಾಜಿಯಸ್ ತೀರಿಕೊಂಡ. ಒಮ್ಮೆ ನಗರದ ಅಧಿಕಾರಿಯಾಗಿದ್ದು, ಆಮೇಲೆ ತನ್ನ ಮನೆಯನ್ನೇ ಮಠವಾಗಿಸಿ ಸಂನ್ಯಾಸ ಹಿಡಿದಿದ್ದ ಗ್ರೆಗರಿಯನ್ನು ಜನ ಪೀಠಕ್ಕೆ ಆರಿಸಿದರು. ಅವನು ತಪ್ಪಿಸಿಕೊಳ್ಳಲು ಯತ್ನಿಸಿದ. ಅದಕ್ಕಾಗಿ ತನ್ನನ್ನು ಆಕ್ಷೇಪಿಸಿದ ಜಾನ್ ಎಂಬ ಬಿಷಪ್ಪನಿಗೆ ಕೊಟ್ಟ ಉತ್ತರವೇ ಈ ಗ್ರಂಥ. ಹೀಗೆ, ಪಾಲಕತ್ವಕ್ಕೆ ಅಂಜಿದವನೊಬ್ಬ ತನ್ನ ಅಂಜಿಕೆಗೆ ಕಾರಣ ಕೊಡಲು ಹೊರಟು ಪಾಲಕರಿಗೆಲ್ಲ ಶಾಸ್ತ್ರವನ್ನು ಬರೆದಂತಾಯಿತು. ಅದರ ಮೊದಲ ಭಾಗ ಯಾರು ಈ ಪದವಿಗೆ ಬರಬೇಕೆಂಬುದನ್ನೂ, ಎರಡನೆಯದು ಬಂದವನು ಹೇಗೆ ಬಾಳಬೇಕೆಂಬುದನ್ನೂ, ಮೂರನೆಯದು ಹೇಗೆ ಬೋಧಿಸಬೇಕೆಂಬುದನ್ನೂ ವಿವರಿಸುತ್ತವೆ. ಬಹಳ ಚಿಕ್ಕದಾದ ನಾಲ್ಕನೆಯದು ಪಾಲಕನನ್ನು ತನ್ನ ಕಡೆಗೆ ತಾನೇ ನೋಡಿಕೊಳ್ಳುವಂತೆ ಹೇಳುತ್ತದೆ.

ಮೊದಲ ಭಾಗದ ಕೊನೆಯಲ್ಲಿ ಗ್ರೆಗರಿ ಯಾಜಕಕಾಂಡದ ಇಪ್ಪತ್ತೊಂದನೆಯ ಅಧ್ಯಾಯವನ್ನು ಎತ್ತಿಕೊಳ್ಳುತ್ತಾನೆ. ಅಂಗವೈಕಲ್ಯವುಳ್ಳವನು ಬಲಿಪೀಠದ ಸೇವೆಗೆ ಸಲ್ಲನೆಂಬ ವಿಧಿಯಲ್ಲಿನ ಒಂದೊಂದು ಊನಕ್ಕೂ ಒಂದೊಂದು ಆಧ್ಯಾತ್ಮಿಕ ಅರ್ಥವನ್ನು ಹಚ್ಚುತ್ತ ಹೋಗುತ್ತಾನೆ. ಇಂದಿನ ಓದುಗನಿಗೆ ಈ ರೂಪಕಸರಣಿ ಬೇಸರ ತರಿಸುವುದು ಸಹಜ. ಆದರೆ ಮೂಗಿನ ವಿಷಯಕ್ಕೆ ಬಂದಾಗ ಕಲ್ಪನೆ ಥಟ್ಟನೆ ಹೊಳಪೇರುತ್ತದೆ. ಮೂಗು ಸುಗಂಧ ದುರ್ಗಂಧಗಳನ್ನು ಬೇರ್ಪಡಿಸುವ ಇಂದ್ರಿಯ; ಆದ್ದರಿಂದ ಅದು ತಾರತಮ್ಯಜ್ಞಾನದ ಸಂಕೇತ. ಮೂಗು ತೀರ ಚಿಕ್ಕದಾದವನು ಆ ಜ್ಞಾನವಿಲ್ಲದವನು. ಅದು ಅತಿಯಾಗಿ ಬೆಳೆದು ಸೊಟ್ಟಗಾದವನೂ ಅನರ್ಹನೇ, ಏಕೆಂದರೆ ಅವನ ಸೂಕ್ಷ್ಮತೆ ಮಿತಿಮೀರಿ ತನ್ನ ನೇರವನ್ನೇ ಕಳೆದುಕೊಂಡಿದೆ. ಜಾಣ್ಮೆಯ ಕೊರತೆಯಂತೆ ಅದರ ಅತಿರೇಕವೂ ಒಂದು ಊನವೆಂದು ಹೇಳಿರುವುದು ಗಮನಾರ್ಹ. ರೂಪಕವೂ ಇಲ್ಲಿ ಕೇವಲ ಅಲಂಕಾರವಲ್ಲ: ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಕೊಳೆತದ್ದನ್ನು ಮೂಗು ಅರಿಯುತ್ತದೆ. ಸಭೆಯೊಂದು ಕೆಡುವುದೂ ಹಾಗೆಯೇ. ಎಲ್ಲರಿಗೂ ಕಾಣುವ ಹೊತ್ತಿಗೆ ಅದು ಬಹುಪಾಲು ಕೆಟ್ಟಿರುತ್ತದೆ.

ಎರಡನೆಯ ಭಾಗದ ಒಂಬತ್ತನೆಯ ಅಧ್ಯಾಯ ನಮ್ಮ ದೃಷ್ಟಿಯಲ್ಲಿ ಗ್ರಂಥದ ಶಿಖರ. ಅದು ಬಹಳ ಸಣ್ಣದು. ಜಿಪುಣತನ ಮಿತವ್ಯಯವೆನಿಸಿಕೊಳ್ಳುತ್ತದೆ, ದುಂದುಗಾರಿಕೆ ಔದಾರ್ಯವೆನಿಸಿಕೊಳ್ಳುತ್ತದೆ; ಸಡಿಲತೆ ದಯೆಯ ಹೆಸರಿನಲ್ಲಿಯೂ ಕಡಿವಾಣವಿಲ್ಲದ ಕೋಪ ಧರ್ಮೋತ್ಸಾಹದ ಹೆಸರಿನಲ್ಲಿಯೂ ನಡೆಯುತ್ತವೆ; ದುಡುಕನ್ನು ಚುರುಕೆಂದೂ ವಿಳಂಬವನ್ನು ಗಾಂಭೀರ್ಯವೆಂದೂ ಜನ ತಿಳಿಯುತ್ತಾರೆ. ಈ ಪಟ್ಟಿಯ ಬಲವಿರುವುದು ಅದರಲ್ಲಿ ದುಷ್ಟರ ಪ್ರಸ್ತಾಪವೇ ಇಲ್ಲದಿರುವುದರಲ್ಲಿ. ಸಭೆಗೆ ಹಾನಿಯಾಗುವುದು ಬಹುಮಟ್ಟಿಗೆ ಸಜ್ಜನರ ಸದ್ಗುಣಾಭಾಸದಿಂದ ಎಂಬ ಕಟುಸತ್ಯವನ್ನು ಆಡಳಿತದ ಅನುಭವವುಳ್ಳವನೇ ಹೀಗೆ ಬರೆಯಬಲ್ಲ.

ಮೂರನೆಯ ಭಾಗದ ಕೀರ್ತಿ ದೊಡ್ಡದು. ಬಡವ-ಬಲ್ಲಿದ, ಮೌನಿ-ವಾಚಾಳಿ, ಅಂಜುಬುರುಕ-ನಿರ್ಲಜ್ಜ ಹೀಗೆ 30ಕ್ಕೂ ಮೀರಿದ ಜೋಡಿಗಳನ್ನು ಹೆಸರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಮಾತನ್ನು ಗ್ರೆಗರಿ ವಿಧಿಸುತ್ತಾನೆ. ಕ್ರಮ ಯಾಂತ್ರಿಕವಾಗಿದೆಯೆಂಬ ಆಕ್ಷೇಪಣೆಯನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಅವನು ತನ್ನ ಚೌಕಟ್ಟನ್ನು ತಾನೇ ಮುರಿಯುವ ಸ್ಥಳಗಳುಂಟು. ಬಡವನಿಗೆ ಸಾಂತ್ವನವನ್ನೂ ಧನಿಕನಿಗೆ ಎಚ್ಚರಿಕೆಯನ್ನೂ ಹೇಳಬೇಕೆಂದು ವಿಧಿಸಿದ ಕೂಡಲೇ, ಧನಿಕನಲ್ಲಿ ವಿನಯವೂ ಬಡವನಲ್ಲಿ ಗರ್ವವೂ ಇರಬಹುದಾದ್ದರಿಂದ ಆಗ ಮಾತನ್ನು ತಿರುಗುಮುರುಗು ಮಾಡಬೇಕೆನ್ನುತ್ತಾನೆ. ದಾವೀದನ ಪಾಪವನ್ನು ಎತ್ತಿ ತೋರಿಸಿದ ನಾತಾನನ ಪ್ರಸಂಗ ಬರುವುದು ಅಲ್ಲಿಯೇ. ಪ್ರವಾದಿ ನೇರವಾಗಿ ದೂಷಿಸದೆ ಬಡವನ ಕುರಿಮರಿಯ ಕಥೆಯನ್ನು ಹೇಳಿ, ರಾಜನ ಬಾಯಿಂದಲೇ ತೀರ್ಪನ್ನು ಹೊರಡಿಸುತ್ತಾನೆ. ರೋಗಿಯ ಕಣ್ಣಿಗೆ ಬೀಳದಂತೆ ಕತ್ತಿಯನ್ನು ಬಟ್ಟೆಯೊಳಗೆ ಅಡಗಿಸಿ ತಂದ ವೈದ್ಯನಿಗೆ ಗ್ರೆಗರಿ ಅವನನ್ನು ಹೋಲಿಸಿದ್ದಾನೆ.

ಇಷ್ಟಾದರೂ ಗ್ರಂಥದಲ್ಲಿ ಒಂದು ದೊಡ್ಡ ತೆರಪು ಉಳಿದಿದೆ. ತಾರತಮ್ಯವನ್ನು ಅರಿಯುವವನು ಪಾಲಕ. ಸಭೆ ಆದ್ಯಂತವಾಗಿ ಮಂಚದ ಮೇಲಿನ ರೋಗಿ. ಪಾಲಕನ ಕೋಪ ಧರ್ಮೋತ್ಸಾಹವಲ್ಲ, ಕೇವಲ ಕೋಪವೆಂದು ಅವನಿಗೆ ಯಾರು ತಿಳಿಸಬೇಕು? ಆತ್ಮಪರೀಕ್ಷೆಯೇ ಸಾಕೆಂಬಂತೆ ನಾಲ್ಕನೆಯ ಭಾಗ ಮುಗಿಯುತ್ತದೆ. ಆದರೆ ಸದ್ಗುಣಾಭಾಸಕ್ಕೆ ಮೊದಲು ಮೋಸಹೋಗುವವನು ಅದನ್ನು ತೊಟ್ಟವನೇ ಅಲ್ಲವೆ? ಒಂಬತ್ತನೆಯ ಅಧ್ಯಾಯವನ್ನು ಬರೆದವನಿಗೆ ಈ ಪ್ರಶ್ನೆ ಹೊಳೆಯದೆ ಇದ್ದುದು ಆಶ್ಚರ್ಯ.

ಇದಕ್ಕೆ ಉತ್ತರವನ್ನು ಅವನ ಪತ್ರಗಳಲ್ಲಿ ಹುಡುಕಬೇಕು. ಮಾರ್ಸೇಲ್ಸಿನ ಬಿಷಪ್ ಸೆರೆನಸ್ ಜನರು ಚಿತ್ರಗಳನ್ನು ಪೂಜಿಸುತ್ತಿದ್ದುದನ್ನು ಕಂಡು ಅವನ್ನು ಒಡೆದು ಹಾಕಿಸಿದ. 599ರ ಪತ್ರದಲ್ಲಿ ಗ್ರೆಗರಿ ಅವನ ಉತ್ಸಾಹವನ್ನು ಮೆಚ್ಚಿ, ಒಡೆದುದನ್ನು ಮಾತ್ರ ಖಂಡಿಸಿದ. ಅಕ್ಷರವರಿಯದವರು ಗ್ರಂಥದಲ್ಲಿ ಓದಲಾರದ್ದನ್ನು ಗೋಡೆಯ ಮೇಲೆ ಓದುತ್ತಾರೆಂಬುದು ಅವನ ವಾದ. ಸೆರೆನಸ್ ಆ ಪತ್ರವೇ ನಿಜವಾದುದಲ್ಲವೆಂದು ಶಂಕಿಸಿದ. 600ರ ಎರಡನೆಯ ಪತ್ರದ ಧಾಟಿ ಬೇರೆ. ಸಭೆಯ ಬಹುಮಂದಿ ಬಿಷಪ್ಪನ ಸಂಗವನ್ನು ತೊರೆದರೆಂಬ ಸುದ್ದಿ ಆ ವೇಳೆಗೆ ರೋಮನ್ನು ಮುಟ್ಟಿತ್ತು. ಅಗಲಿದವರನ್ನು ಕರೆದು ಕೂಡಿಸಿ, ಕೈಯಿಂದ ಮಾಡಿದುದು ಪೂಜಾರ್ಹವಲ್ಲವೆಂದು ಶಾಸ್ತ್ರಮುಖದಿಂದ ತಿಳಿಯಹೇಳಿ, ಬೋಧನೆಗಾಗಿ ಚಿತ್ರಗಳಿರುವುದಕ್ಕೆ ಒಪ್ಪಿಗೆ ಕೊಡೆಂದು ಅವನು ಆದೇಶಿಸಿದ. ಗ್ರಂಥದಲ್ಲಿ ಮೂಕವಾಗಿದ್ದ ಸಭೆ ಇಲ್ಲಿ ಮಾತಾಡಿದೆ. ಅದು ಎದ್ದುಹೋದುದೇ ಅದರ ಮಾತು. ಆ ಮಾತಿಗೆ ಪೋಪ್ ಕಿವಿಗೊಟ್ಟ.

ಮುಂದಿನ ವರ್ಷದ ಉದಾಹರಣೆ ಇನ್ನೂ ಸ್ವಾರಸ್ಯದ್ದು. 601ರ ಜೂನ್‌ನಲ್ಲಿ ಕೆಂಟ್‌ನ ರಾಜ ಎಥೆಲ್ಬರ್ಟನಿಗೆ ವಿಗ್ರಹಾಲಯಗಳನ್ನು ಕೆಡವೆಂದು ಬರೆದವನು, ಒಂದು ತಿಂಗಳು ತುಂಬುವುದರೊಳಗೆ, ಇಂಗ್ಲೆಂಡಿನ ದಾರಿಯಲ್ಲಿದ್ದ ಮೆಲ್ಲಿಟಸನಿಗೆ ಪತ್ರ ಬರೆದು ಆ ನಿರ್ಣಯವನ್ನು ತಿರುಗಿಸಿದ: ವಿಗ್ರಹಗಳನ್ನು ಮಾತ್ರ ತೆಗೆಯಬೇಕು, ಕಟ್ಟಡಗಳನ್ನು ಶುದ್ಧಿಗೊಳಿಸಿ ಉಳಿಸಿಕೊಳ್ಳಬೇಕು. ಪರಧರ್ಮದ ಆಲಯಗಳನ್ನು ತಮ್ಮದಾಗಿಸಿಕೊಳ್ಳುವ ಈ ನೀತಿಯನ್ನು ಇಂದು ನಾವು ಸಂಕೋಚವಿಲ್ಲದೆ ಹೊಗಳಲಾರೆವು. ಆದರೂ ವಿಳಂಬಕ್ಕೂ ಗಾಂಭೀರ್ಯಕ್ಕೂ ಇರುವ ಭೇದವನ್ನು ಬೋಧಿಸಿದವನು ತನ್ನ ದುಡುಕನ್ನು ತಾನೇ ತಿದ್ದಿಕೊಂಡುದಕ್ಕೆ ಇಲ್ಲಿ ಸಾಕ್ಷ್ಯವಿದೆ. ಆದ್ದರಿಂದ ‘ಪಾಲಕನಿಯಮ’ವನ್ನು ಬೋಧಿಸುವ ಅಧ್ಯಾಪಕರು ಈ ಪತ್ರಗಳನ್ನೂ ಜೊತೆಗೆ ಓದಿಸುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.

ಗ್ರಂಥದ ಮುಂದಿನ ಚರಿತ್ರೆಯೂ ಈ ತೆರಪಿನ ಮೇಲೆ ಬೆಳಕು ಚೆಲ್ಲುತ್ತದೆ. 813ರಲ್ಲಿ ಫ್ರಾಂಕರ ನಾಡಿನಲ್ಲಿ ಸೇರಿದ ಧರ್ಮಸಭೆಗಳು ಬಿಷಪ್ಪರು ಇದನ್ನು ವ್ಯಾಸಂಗ ಮಾಡಬೇಕೆಂದು ಸಾರಿದವು. ಅದು ಮೇಲಿನವರು ಮೇಲಿನವರಿಗೇ ಹೇಳಿದ ಮಾತು. 890ರ ದಶಕದಲ್ಲಿ ವೆಸೆಕ್ಸಿನ ರಾಜ ಆಲ್ಫ್ರೆಡ್ ಮಾಡಿದುದು ಬೇರೆ. ವೈಕಿಂಗರ ದಾಳಿಗಳಿಂದ ಮಠಗಳು ಹಾಳಾಗಿದ್ದವು. ಲ್ಯಾಟಿನ್ ಪತ್ರವೊಂದನ್ನು ಇಂಗ್ಲಿಷಿಗೆ ತರಬಲ್ಲವರೂ ವಿರಳವಾಗಿದ್ದರು. ಸಭೆಯ ಪುನರುಜ್ಜೀವನಕ್ಕಾಗಿ ಅವನು ಮೊದಲು ಕೈಗೆತ್ತಿಕೊಂಡ ಗ್ರಂಥಗಳಲ್ಲಿ ಇದೂ ಒಂದು. ಪಾದ್ರಿಯಲ್ಲದವನು, ಗ್ರೆಗರಿಯ ಲೆಕ್ಕದಲ್ಲಿ ಮಂದೆಯ ಒಂದು ಕುರಿ, ಕುರುಬರ ಕೈಪಿಡಿಯನ್ನು ವಿದ್ವಾಂಸರಿಂದ ಕಲಿತು ತನ್ನ ಭಾಷೆಗೆ ತಿರುಗಿಸಿ ಕುರುಬರಿಗೇ ಕಳುಹಿಸಿದ. ಪ್ರತಿಯೊಂದು ಬಿಷಪ್‌ಪೀಠಕ್ಕೂ ಒಂದೊಂದು ಪ್ರತಿ, ಅದರೊಡನೆ 50 ಮ್ಯಾಂಕಸ್ ಚಿನ್ನದ ಬೆಲೆಯ ಒಂದು ಓದುಗೋಲು. ವೂಸ್ಟರಿನ ಬಿಷಪ್ಪನಿಗೆ ಹೋದ ಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪುಸ್ತಕವನ್ನು ಅದರ ಸ್ಥಳದಿಂದ ಯಾರೂ ಕದಲಿಸಕೂಡದೆಂದು ಮುನ್ನುಡಿಯಲ್ಲಿ ರಾಜ ಕಟ್ಟುಮಾಡಿದ್ದಾನೆ; ಬಿಷಪ್ಪನೇ ಅದನ್ನು ತನ್ನ ಬಳಿ ಇಟ್ಟುಕೊಳ್ಳಬಯಸಿದಾಗ, ಎರವಲು ಕೊಟ್ಟಾಗ, ಅಥವಾ ಯಾರಾದರೂ ಅದನ್ನು ನಕಲು ಮಾಡುತ್ತಿರುವಾಗ ಮಾತ್ರ ವಿನಾಯಿತಿ.