ಕೆನಡಾದ ಕಥೆಗೆ ಉರಿಗಾಂ ದಾರಿ

ಮೊದಲು ಆಲಿಸ್ಟರ್ ಮೆಕ್‌ಲೌಡ್ ಅವರನ್ನು ಓದಿ. ಮಾರ್ಗರೆಟ್ ಆಟ್‌ವುಡ್ ಆಮೇಲೆ ಬರಲಿ, ಆಲಿಸ್ ಮನ್ರೋ ಕೂಡ ಸ್ವಲ್ಪ ತಡೆಯಲಿ. ನಮ್ಮ ಪಠ್ಯಕ್ರಮಗಳು ಈ ಸರದಿಯನ್ನು ಒಪ್ಪುವುದಿಲ್ಲ, ಗೊತ್ತು. ಇಂಗ್ಲಿಷ್ ಎಂ.ಎ.ಯಲ್ಲಿ ಕೆನಡಾ ಸಿಗುವುದು ಕಾಮನ್‌ವೆಲ್ತ್ ಅಥವಾ ವಸಾಹತೋತ್ತರ ಸಾಹಿತ್ಯದ ಒಂದು ಮೂಲೆಯಲ್ಲಿ, ಬಹಳ ಸಲ ಆಟ್‌ವುಡ್ ಅವರ ‘ಸರ್ಫೇಸಿಂಗ್’ ಮೂಲಕ. ಅದು 1972ರ ಕಾದಂಬರಿ. ಅದೇ ವರ್ಷ ಆಕೆ ‘ಸರ್ವೈವಲ್’ ಎಂಬ ವಿಮರ್ಶೆಯ ಪುಸ್ತಕವನ್ನೂ ತಂದು, ಹೇಗಾದರೂ ಬದುಕಿ ಉಳಿಯುವುದೇ ಕೆನಡಾದ ಬರವಣಿಗೆಯ ತಿರುಳು ಎಂದರು. ಹೊಸಬರಿಗೆಂದೇ ಬರೆದ ಚುರುಕಾದ ಪುಸ್ತಕ. ಆದರೆ ಐವತ್ತು ವರ್ಷ ನೋಟ್ಸಿನಿಂದ ನೋಟ್ಸಿಗೆ ಇಳಿದೂ ಇಳಿದೂ ಅದೀಗ ಹತ್ತು ಅಂಕದ ಸೂತ್ರವಾಗಿದೆ. ಯಾವ ಕಥೆ ಕೊಟ್ಟರೂ ಅಸ್ಮಿತೆ, ಪ್ರಕೃತಿ, ಬದುಕುಳಿಯುವಿಕೆ ಎಂದು ಬರೆದರೆ ಮುಗಿಯಿತು. ಸೂತ್ರ ಬಾಯಿಪಾಠವಾದವರಿಗೆ ಕಥೆ ಓದುವ ಅಗತ್ಯವೇ ಬೀಳುವುದಿಲ್ಲ.

ಕರ್ನಾಟಕಕ್ಕೆ ಈ ಓದು ಹೊಸದೇನಲ್ಲ. ಸಿ.ಡಿ. ನರಸಿಂಹಯ್ಯನವರೂ ಎಚ್.ಎಚ್. ಅಣ್ಣಯ್ಯಗೌಡರೂ ಮೈಸೂರಿನಲ್ಲಿ ಕಾಮನ್‌ವೆಲ್ತ್ ಸಾಹಿತ್ಯಕ್ಕೆ ಜಾಗ ಮಾಡಿಕೊಟ್ಟಾಗ ಇಂಗ್ಲಿಷ್ ವಿಭಾಗಗಳೆಂದರೆ ಷೇಕ್ಸ್‌ಪಿಯರ್, ಮಿಲ್ಟನ್ ಎಂಬ ಕಾಲ. ಅಂದಿನ ಉಮೇದು ಇಂದಿನ ಗೈಡುಗಳಲ್ಲಿ ಇಲ್ಲ, ಅಷ್ಟೇ.

ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಸೀಮೆಯ ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಪಕ್ಕದ ಬಂಗಾರಪೇಟೆ ಕಡೆಯಿಂದ ಈ ಕಥೆಗಳನ್ನು ಓದಲು ಹೊರಟವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಮೆಕ್‌ಲೌಡ್ ಬರೆದದ್ದು ಕೇಪ್ ಬ್ರೆಟನ್ ಎಂಬ ದ್ವೀಪದ ಬಗ್ಗೆ. ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು, ಮನೆಯಲ್ಲಿ ಗೇಲಿಕ್, ಹೊರಗೆ ಇಂಗ್ಲಿಷ್, ನೆಲದಡಿ ಕಲ್ಲಿದ್ದಲು. ಅಲ್ಲಿನ ಸರ್ಕಾರಿ ಕಂಪನಿ ತನ್ನ ಕೊನೆಯ ಗಣಿಯನ್ನು ಮುಚ್ಚಿದ್ದು 2001ರ ನವೆಂಬರಿನಲ್ಲಿ. ನಮ್ಮ ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಲ್ಲಿಸಿದ್ದು ಅದೇ ವರ್ಷದ ಫೆಬ್ರವರಿ 28ರಂದು. ಮೆಕ್‌ಲೌಡ್ ಓದಿನ ಖರ್ಚಿಗೆಂದು ಸ್ವತಃ ಗಣಿಯಲ್ಲಿ ದುಡಿದವರು, ಕೊನೆಗೆ ವಿಂಡ್ಸರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಜೀವಮಾನದಲ್ಲಿ ಅವರು ಬರೆದದ್ದು ಹದಿನಾರು ಚಿಲ್ಲರೆ ಕಥೆ, ಒಂದು ಕಾದಂಬರಿ. ಇಡೀ ಲೇಖಕನನ್ನು ಒಂದು ರಜೆಯಲ್ಲಿ ಓದಿ ಮುಗಿಸಬಹುದು.

‘ದ ಕ್ಲೋಸಿಂಗ್ ಡೌನ್ ಆಫ್ ಸಮ್ಮರ್’ ಕಥೆಯಿಂದ ಶುರುಮಾಡಿ. ಶಾಫ್ಟ್ ಇಳಿಸುವುದರಲ್ಲಿ ಪಳಗಿದ ಗಂಡಸರ ಒಂದು ತಂಡ ಬೇಸಿಗೆಯ ಕೊನೆಯಲ್ಲಿ ಊರಿನ ಕಡಲ ದಂಡೆಯಲ್ಲಿ ಬಿದ್ದುಕೊಂಡಿದೆ. ಇನ್ನೇನು ಆಫ್ರಿಕಾದ ಗಣಿಗೆ ಹೊರಡಬೇಕು. ಕಥೆಯಲ್ಲಿ ಇಷ್ಟು ಬಿಟ್ಟರೆ ಏನೂ ನಡೆಯುವುದಿಲ್ಲ. ತಂಡದ ಮುಖ್ಯಸ್ಥ ಯೋಚಿಸುತ್ತಾ ಹೋಗುತ್ತಾನೆ: ಮೈಮೇಲಿನ ಗಾಯದ ಗುರುತು, ಸತ್ತ ಜೊತೆಗಾರರು, ವರ್ಷದಲ್ಲಿ ಕೆಲವೇ ದಿನ ನೋಡುವ ಹೆಂಡತಿ, ತನ್ನ ಕೆಲಸ ಏನೆಂದೇ ತಿಳಿಯದೆ ಬೆಳೆದ ಮಕ್ಕಳು. ತಾನು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೇನೆಂಬುದನ್ನು ಮನೆಯವರು ಒಮ್ಮೆಯೂ ನೋಡುವುದಿಲ್ಲವಲ್ಲ ಎಂಬುದು ಅವನ ಕೊರಗು. ಆಟಗಾರನ ಆಟವನ್ನು ಜನ ನೋಡುತ್ತಾರೆ. ಇವನದು ನೆಲದಡಿಯ ಕತ್ತಲಲ್ಲಿ ಮುಗಿದುಹೋಗುತ್ತದೆ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ಚಾಂಪಿಯನ್ ರೀಫಿನಲ್ಲಿ ಕೇಜ್ ಹತ್ತಿ ಇಳಿಯುತ್ತಿದ್ದವರ ಮೊಮ್ಮಕ್ಕಳಿಗೆ ಈ ಕೊರಗಿಗೆ ಅಡಿಟಿಪ್ಪಣಿ ಬೇಕಿಲ್ಲ. ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ತಾತನನ್ನು ಒಂದು ಮಾತು ಕೇಳಿಬಂದು ಕಥೆಯನ್ನು ಮತ್ತೆ ಓದಿ. ವಿಮರ್ಶೆಯ ಪುಸ್ತಕಗಳಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಈ ಕಥೆ ಒಂದು ಅಭ್ಯಾಸ ಕಲಿಸುತ್ತದೆ. ಕೆನಡಾದ ಯಾವ ಕಥೆ ಕೈಗೆತ್ತಿಕೊಂಡರೂ, ಈ ಮನೆಯಲ್ಲಿ ಯಾರು ಇಲ್ಲ, ದುಡ್ಡು ಎಲ್ಲಿಂದ ಬರುತ್ತಿದೆ ಎಂದು ಕೇಳಿ ನೋಡಿ. ಹಿಮ, ಕರಡಿ, ಮೇಪಲ್ ಮರಗಳ ವರ್ಣನೆಯಲ್ಲಿ ಸಿಕ್ಕದ ಕಥೆ ಈ ಎರಡು ಪ್ರಶ್ನೆಗೆ ಬಾಗಿಲು ತೆರೆಯುತ್ತದೆ. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರ ಊರಿನಲ್ಲಿ ಈ ಪ್ರಶ್ನೆಗಳು ಸಹಜವಾಗಿಯೇ ಹೊಳೆಯುತ್ತವೆ. ಮೆಕ್‌ಲೌಡ್ ಅವರ ‘ದ ವಾಸ್ಟ್‌ನೆಸ್ ಆಫ್ ದ ಡಾರ್ಕ್’ ಕಥೆಯ ಹುಡುಗ ಹದಿನೆಂಟು ತುಂಬಿದ ದಿನವೇ ಗಣಿಯೂರು ಬಿಟ್ಟು ಹೊರಡುತ್ತಾನೆ. ದಾರಿಯಲ್ಲಿ ಕಾರು ಹತ್ತಿಸಿಕೊಂಡ ವ್ಯಾಪಾರಿ ಅವನನ್ನು ಸ್ಪ್ರಿಂಗ್‌ಹಿಲ್ ಎಂಬ ಊರಿಗೆ ಕರೆದೊಯ್ಯುತ್ತಾನೆ. 1958ರಲ್ಲಿ ನೆಲದೊಳಗಿನ ಒತ್ತಡಕ್ಕೆ ಕಲ್ಲು ಸಿಡಿದು ಗಣಿ ಕುಸಿದ ಊರು ಅದು. ಕೆ.ಜಿ.ಎಫ್.ನವರು ರಾಕ್‌ಬರ್ಸ್ಟ್ ಎನ್ನುತ್ತಿದ್ದುದು ಇದನ್ನೇ. ಗಂಡಂದಿರನ್ನು ಕಳೆದುಕೊಂಡ ಅಲ್ಲಿನ ಹೆಂಗಸರ ಬಗ್ಗೆ ಆ ವ್ಯಾಪಾರಿ ಆಡುವ ಹಗುರ ಮಾತು ಕೇಳಿ, ಹೊರಗಿನವನೊಬ್ಬ ಗಣಿಯೂರನ್ನು ಹೇಗೆ ನೋಡುತ್ತಾನೆಂಬುದು ಹುಡುಗನಿಗೆ ಮೊದಲ ಸಲ ತಿಳಿಯುತ್ತದೆ.

ಎದೆ ಗಟ್ಟಿಯಿದ್ದರೆ ಶೆಲ್ಡನ್ ಕರಿ ಅವರ ‘ದ ಗ್ಲೇಸ್ ಬೇ ಮೈನರ್ಸ್ ಮ್ಯೂಸಿಯಂ’ ಓದಿ. ಗಣಿಯಲ್ಲಿ ಸತ್ತ ತನ್ನವರ ದೇಹದ ಭಾಗಗಳನ್ನು ಜಾಡಿಯಲ್ಲಿಟ್ಟು ವಸ್ತುಸಂಗ್ರಹಾಲಯ ಮಾಡುವ ಹೆಂಗಸಿನ ಕಥೆ. ಬೇಡವೆನಿಸಿದರೆ ಬಿಡಿ, ಪರೀಕ್ಷೆಯಲ್ಲಿ ಕೇಳುವುದಿಲ್ಲ.

ಈಗ ಮನ್ರೋ. 2013ರಲ್ಲಿ ಬರೀ ಸಣ್ಣಕಥೆಗಳ ಬಲದ ಮೇಲೆ ನೊಬೆಲ್ ಪಡೆದವರು. ಹೊಸಬರು ಆಕೆಯನ್ನು ಓದಿ ‘ಇದರಲ್ಲಿ ಏನಾಯಿತು?’ ಎಂದು ಕೈಬಿಡುವುದೇ ಹೆಚ್ಚು. ತಪ್ಪು ಓದುಗರದಲ್ಲ. ಪಕ್ಕದ ಮಾಲೂರು ಸೀಮೆಯ ಮಾಸ್ತಿಯವರ ಕಥೆ ಓದಿ ಬೆಳೆದ ನಮಗೆ, ಹೇಳುವವರು ಕೂತು ಮೊದಲಿನಿಂದ ಹೇಳುತ್ತಾರೆ ಎಂಬ ನಿರೀಕ್ಷೆ ಇರುತ್ತದೆ. ಮನ್ರೋ ಹಾಗೆ ಹೇಳುವುದಿಲ್ಲ. ಒಂದು ಪ್ಯಾರಾ ಮುಗಿದು ಇನ್ನೊಂದು ಶುರುವಾಗುವ ಬಿಳಿ ಜಾಗದಲ್ಲಿ ಇಪ್ಪತ್ತು ವರ್ಷ ಜಾರಿಹೋಗಿರುತ್ತದೆ. ಆದ್ದರಿಂದ ಪೆನ್ಸಿಲ್ ಹಿಡಿದು ಕೂರಿ. ಎರಡನೆಯ ಓದಿನಲ್ಲಿ ಪ್ರತಿ ಭಾಗದ ಪಕ್ಕ, ಇದು ಯಾವ ಕಾಲ, ಇದನ್ನು ಯಾರು ನೆನೆಯುತ್ತಿದ್ದಾರೆ ಎಂದು ಗುರುತು ಹಾಕಿ.

‘ದ ಬೇರ್ ಕೇಮ್ ಓವರ್ ದ ಮೌಂಟನ್’ ಕಥೆಯಲ್ಲಿ ಹೀಗೆ ಮಾಡಿ ನೋಡಿ. ಮರೆವಿನ ಕಾಯಿಲೆಯ ಫಿಯೋನಾಳನ್ನು ಗಂಡ ಗ್ರ್ಯಾಂಟ್ ಆರೈಕೆ ಕೇಂದ್ರಕ್ಕೆ ಸೇರಿಸುತ್ತಾನೆ. ಮೊದಲ ಒಂದು ತಿಂಗಳು ನೋಡಲು ಬರುವಂತಿಲ್ಲ. ಆಮೇಲೆ ಬಂದರೆ ಅವಳು ಅಲ್ಲಿನ ಇನ್ನೊಬ್ಬ ರೋಗಿಗೆ ಅಂಟಿಕೊಂಡಿದ್ದಾಳೆ. ಗಂಡನನ್ನು ಪರಿಚಯದವನಂತೆ ಮರ್ಯಾದೆಯಿಂದ ಮಾತಾಡಿಸುತ್ತಾಳೆ. ಮೊದಲ ಓದಿಗೆ ಅಯ್ಯೋ ಪಾಪ ಎನಿಸುವುದು ಗ್ರ್ಯಾಂಟ್ ಬಗ್ಗೆ. ಪೆನ್ಸಿಲ್ ಗುರುತು ಹಾಕುತ್ತಾ ಹೋದಂತೆ, ಹಳೆಯ ದಿನಗಳ ತುಣುಕುಗಳಲ್ಲಿ ಪ್ರಾಧ್ಯಾಪಕನಾಗಿದ್ದ ಅವನ ಬೇರೆ ಹೆಣ್ಣುಗಳ ಸಹವಾಸ ಎದ್ದು ಬರುತ್ತದೆ. ಆಗ ಫಿಯೋನಾಳ ಮರೆವು ಪೂರ್ತಿ ಮರೆವೇ, ಅಥವಾ ಅದರಲ್ಲೊಂದಿಷ್ಟು ಲೆಕ್ಕ ಚುಕ್ತಾ ಮಾಡುವ ತುಂಟತನವೂ ಇದೆಯೇ ಎಂದು ಗ್ರ್ಯಾಂಟ್‌ಗೂ ಅನುಮಾನ, ನಮಗೂ ಅನುಮಾನ. ಮನ್ರೋ ಇದನ್ನು ಬಿಡಿಸಿ ಹೇಳುವುದಿಲ್ಲ. ನಮ್ಮ ವೈದೇಹಿಯವರ ಕಥೆಗಳಲ್ಲಿ ಅಡುಗೆಮನೆಯ ಮಾತಿನೊಳಗೆ ಅಡಗಿದ ಮಾತನ್ನು ಆಲಿಸಿ ಬಲ್ಲವರಿಗೆ ಈ ಅನುಮಾನದ ರುಚಿ ಬೇಗ ಹತ್ತುತ್ತದೆ.

ಮನ್ರೋ ತೀರಿಕೊಂಡದ್ದು 2024ರ ಮೇ ತಿಂಗಳಲ್ಲಿ. ಮಲತಂದೆಯಿಂದ ಬಾಲ್ಯದಲ್ಲಿ ತನಗಾದ ಲೈಂಗಿಕ ದೌರ್ಜನ್ಯವನ್ನೂ, ಅದು ತಿಳಿದ ಮೇಲೂ ತಾಯಿ ಅವನ ಜೊತೆಗೇ ಉಳಿದದ್ದನ್ನೂ ಆಕೆಯ ಮಗಳು ಆ ಜುಲೈನಲ್ಲಿ ಬರೆದರು. ತರಗತಿಯಲ್ಲಿ ಇದನ್ನು ಮುಚ್ಚಿಟ್ಟು ಪಾಠ ಮಾಡುವುದು ಸರಿಯಲ್ಲ. ಕಥೆಗಳನ್ನು ಪಠ್ಯದಿಂದ ಕಿತ್ತುಹಾಕುವುದೂ ನನಗೆ ಒಪ್ಪಿಗೆಯಿಲ್ಲ. ತಿಳಿದೂ ಸುಮ್ಮನಿರುವ ಹೆಂಗಸರು ಆ ಕಥೆಗಳ ತುಂಬ ಇದ್ದಾರೆ. ಇನ್ನು ಮುಂದೆ ಅವರನ್ನು ಮೊದಲಿನಷ್ಟು ನಿರಾಳವಾಗಿ ಓದಲಾಗದು, ಅಷ್ಟೆ.

ಕಾದಂಬರಿಯೋ ಕಥಾಸಂಕಲನವೋ ಎಂದು ಗೊಂದಲಪಡಿಸುವ ಪುಸ್ತಕಗಳು ಕೆನಡಾದಲ್ಲಿ ಬಹಳ. ಸ್ಟೀಫನ್ ಲೀಕಾಕ್ 1912ರಲ್ಲೇ ಒಂದು ಸಣ್ಣ ಊರನ್ನು ಹೀಗೆ ಬಿಡಿ ಬಿಡಿಯಾಗಿ ಬರೆದರು. ಮನ್ರೋ ಅವರ ‘ಲೈವ್ಸ್ ಆಫ್ ಗರ್ಲ್ಸ್ ಅಂಡ್ ವಿಮೆನ್’ ಆ ಜಾತಿಯದು. ರೋಹಿಂಟನ್ ಮಿಸ್ತ್ರಿ ಮುಂಬಯಿಯ ಪಾರ್ಸಿ ವಠಾರದ ಬಗ್ಗೆ ಬರೆದ ‘ಟೇಲ್ಸ್ ಫ್ರಮ್ ಫಿರೋಜ್‌ಶಾ ಬಾಗ್’ ಕೂಡ. ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನು ಬಿಡದೆ ಬರೆದ ಯಶವಂತ ಚಿತ್ತಾಲರನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವೆನಿಸಬಾರದು. ಇಂಥ ಪುಸ್ತಕವನ್ನು ಕ್ರಮವಾಗಿಯೇ ಓದಿ. ಒಂದು ಕಥೆಯಲ್ಲಿ ಬಾಗಿಲ ಬಳಿ ಸುಳಿದವರು ಇನ್ನೊಂದರಲ್ಲಿ ನಡುಮನೆಗೆ ಬರುತ್ತಾರೆ.

ಮೈಕೆಲ್ ಒಂಡಾಟ್ಜೆ ಅವರ ‘ಇನ್ ದ ಸ್ಕಿನ್ ಆಫ್ ಎ ಲಯನ್’ ಟೊರೊಂಟೊದ ಸೇತುವೆ, ನೀರಿನ ಕೋಠಿ ಕಟ್ಟಿದ ವಲಸೆ ಕೂಲಿಗಳ ಕಾದಂಬರಿ. ಕಟ್ಟಿಸಿದವರ ಹೆಸರು ದಾಖಲೆಯಲ್ಲಿದೆ, ಕಟ್ಟಿದವರದ್ದಿಲ್ಲ. ಗಿಫರ್ಡ್ ಶಾಫ್ಟ್, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಎಂದು ದಿನಾ ಹೇಳುವವರಿಗೆ ಇದರ ಬಿಸಿ ತಟ್ಟುತ್ತದೆ. ವಾಕ್ಯಗಳು ಕವಿತೆಯಂತೆ, ನಿಧಾನ ಬೇಕು. ರಿಚರ್ಡ್ ವಾಗಮೀಸ್ ಅವರ ‘ಇಂಡಿಯನ್ ಹಾರ್ಸ್’ ಸರಾಗವಾದ ಓದು, ಆದರೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತೊಯ್ದ ವಸತಿಶಾಲೆಗಳ ಕಥೆ ಸರಾಗವಾದದ್ದಲ್ಲ.

ಇಂಗ್ಲಿಷಿನ ಅಳುಕಿರುವವರು ಸುವಾಂಖಾಮ್ ಥಮ್ಮವೊಂಗ್ಸಾ ಅವರ ‘ಹೌ ಟು ಪ್ರೊನೌನ್ಸ್ ನೈಫ್’ ಹಿಡಿಯಬಹುದು. ಲಾವೋಸಿನಿಂದ ನಿರಾಶ್ರಿತರಾಗಿ ಬಂದ ಕುಟುಂಬದವರು; ಪುಸ್ತಕಕ್ಕೆ 2020ರ ಗಿಲ್ಲರ್ ಪ್ರಶಸ್ತಿ ಬಂತು. ಪುಟ್ಟ ವಾಕ್ಯ, ಪುಟ್ಟ ಕಥೆ. ಬಂಗಾರಪೇಟೆಯಿಂದ ಕಂಟೋನ್ಮೆಂಟಿಗೆ ರೈಲು ತಲುಪುವುದರೊಳಗೆ ಎರಡೋ ಮೂರೋ ಮುಗಿಯುತ್ತವೆ. ಮನೆಯಲ್ಲಿ ತಮಿಳೋ ತೆಲುಗೋ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದವರಿಗೆ, ಶೀರ್ಷಿಕೆಯ ಕಥೆಯಲ್ಲಿ ಅಪ್ಪ ಹೇಳಿಕೊಟ್ಟ ತಪ್ಪು ಉಚ್ಚಾರಣೆಯನ್ನು ತರಗತಿಯಲ್ಲಿ ಹಟ ಹಿಡಿದು ಸಮರ್ಥಿಸುವ ಹುಡುಗಿ ಅಪರಿಚಿತಳಲ್ಲ.

ಅನಿತಾ ರಾವ್ ಬಾದಾಮಿ ಅವರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಕನ್ನಡ ಮನೆಮಾತಿನ ಕುಟುಂಬದವರು, 1991ರಲ್ಲಿ ಕೆನಡಾಕ್ಕೆ ಹೋದವರು; ಮೊದಲ ಕಾದಂಬರಿ ‘ಟ್ಯಾಮರಿಂಡ್ ಮೆಮ್’ ಕ್ಯಾಲ್ಗರಿ ವಿಶ್ವವಿದ್ಯಾಲಯದ ಎಂ.ಎ. ಪ್ರಬಂಧವಾಗಿ ಹುಟ್ಟಿದ್ದು. 2000ದ ‘ದ ಹೀರೋಸ್ ವಾಕ್’ ಕಾದಂಬರಿಯಲ್ಲಿ ವ್ಯಾಂಕೂವರಿನ ಅಪಘಾತದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ನಂದನಾ ಎಂಬ ಮಗು, ಎಂದೂ ನೋಡದ ಅಜ್ಜನ ಜೊತೆ ದಕ್ಷಿಣ ಭಾರತದ ಕಡಲೂರೊಂದಕ್ಕೆ ಬರುತ್ತದೆ. ಮಗು ಮಾತು ಬಿಟ್ಟಿದೆ. ಪುಟಗಟ್ಟಲೆ ಸೆಕೆ, ಜಗಳ, ನೀರಿನ ತಾಪತ್ರಯ, ಕುಸಿಯುತ್ತಿರುವ ಹಳೆ ಮನೆ. ಕೆನಡಾ ಇರುವುದು ಆ ಮಗುವಿನ ತಲೆಯೊಳಗೆ ಮಾತ್ರ. ಇದು ಕೆನಡಾದ ಕಾದಂಬರಿ ಹೇಗಾಗುತ್ತದೆ ಎಂದು ವೈವಾದಲ್ಲಿ ಕೇಳಿದರೆ ಬಹುಸಂಸ್ಕೃತಿ ಎಂಬ ಮಾತನ್ನು ಎತ್ತಬೇಡಿ. ನಂದನಾ ಬಾಯಿ ಬಿಡದ ಒಂದು ಅಧ್ಯಾಯವನ್ನು ತೆರೆದು, ಆ ಮನೆಯಲ್ಲಿ ಯಾರು ಇಲ್ಲ ಎಂಬಲ್ಲಿಂದ ಮಾತು ಶುರುಮಾಡಿ.