ಅದ್ಭುತಕಥೆಯಲ್ಲಿ ಹೇಳದೆ ಉಳಿದ ಮಾತು

ಇಲ್ಲದ ಲೋಕವೊಂದನ್ನು ಕಟ್ಟುವ ಕಥೆಗಾರನು ಅದನ್ನು ವಿವರಿಸಿದಷ್ಟೂ ವಾಚಕನ ನಂಬಿಕೆ ಬಲಿಯುವುದೆಂಬುದು ಸಾಮಾನ್ಯ ತಿಳಿವಳಿಕೆ. ಇದನ್ನು ಪರೀಕ್ಷಿಸಲು ಜೆ. ಆರ್. ಆರ್. ಟಾಲ್ಕಿನ್ನರ ‘ದಿ ಲಾರ್ಡ್ ಆಫ್ ದ ರಿಂಗ್ಸ್’ (1954–55) ತಕ್ಕ ಕೃತಿ. ಅದರಲ್ಲಿ ಭೂಪಟಗಳೂ ವಂಶಾವಳಿಗಳೂ ದೀರ್ಘವಾದ ಅನುಬಂಧಗಳೂ ಇವೆ. ಆದರೂ ಆ ಲೋಕದ ಆಳವು ನಮ್ಮ ಅನುಭವಕ್ಕೆ ಬರುವುದು ಹೆಚ್ಚಾಗಿ ಅರ್ಧಕ್ಕೆ ನಿಂತ ಮಾತುಗಳಿಂದ.

ಒಂದು ನಿದರ್ಶನವನ್ನು ನೋಡೋಣ. ಮೋರಿಯಾ ಗಣಿಗಳ ಕತ್ತಲಲ್ಲಿ ಅಂಜಿದ ಸಂಗಡಿಗರಿಗೆ ಅರಗಾರ್ನನು ಧೈರ್ಯ ಹೇಳುತ್ತ, ದಾರಿ ಕಾಣುವುದರಲ್ಲಿ ಗಂಡಾಲ್ಫನು ರಾಣಿ ಬೆರೂಥಿಯೆಲಳ ಬೆಕ್ಕುಗಳಿಗಿಂತ ಮಿಗಿಲೆನ್ನುತ್ತಾನೆ. ಆ ರಾಣಿ ಯಾರು, ಬೆಕ್ಕುಗಳ ಕಥೆಯೇನು ಎಂಬುದನ್ನು ಕೃತಿಯು ಎಲ್ಲಿಯೂ ತಿಳಿಸುವುದಿಲ್ಲ.

ಲೇಖಕನಿಗೆ ಪೂರ್ಣಕಥೆ ತಿಳಿದಿರುವುದರಿಂದಲೇ ಇಂಥ ಸೂಚನೆಗೆ ಬಲ ಬರುತ್ತದೆಂದು ಹೇಳುವುದುಂಟು. ಟಾಲ್ಕಿನ್ನರು ಮೊದಲನೆಯ ಮಹಾಯುದ್ಧದ ಕಾಲದಿಂದಲೇ ತಮ್ಮ ಕಲ್ಪಿತ ಪುರಾಣಗಳನ್ನು ಬರೆಯುತ್ತಿದ್ದರು. ‘ದಿ ಸಿಲ್ಮರಿಲಿಯನ್’ ಅವರ ಮರಣಾನಂತರ, 1977ರಲ್ಲಿ, ಪ್ರಕಟವಾಯಿತು. ಆದರೆ ಬೆಕ್ಕುಗಳ ವಿಷಯದಲ್ಲಿ ಈ ಸಮಾಧಾನ ಸಲ್ಲದು. ಅವುಗಳ ವೃತ್ತಾಂತ ತಮಗೇ ಇನ್ನೂ ತಿಳಿದಿಲ್ಲವೆಂದು 1955ರಲ್ಲಿ ಅವರು ಕವಿ ಆಡೆನ್ನರಿಗೆ ಬರೆದಿದ್ದರು.

ಹಾಗಾದರೆ ಬಲವೆಲ್ಲಿಯದು? ಬೆಳಕನ್ನು ಬಯಸುವವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ, ವ್ಯಂಗ್ಯಾರ್ಥವನ್ನು ಬಯಸುವ ಕವಿಯು ವಾಚ್ಯಾರ್ಥದಲ್ಲಿ ಎಚ್ಚರವಾಗಿರುತ್ತಾನೆಂದು ಒಂಬತ್ತನೆಯ ಶತಮಾನದ ಆನಂದವರ್ಧನನು ಹೇಳಿದ್ದಾನೆ. ಇಲ್ಲಿಯೂ ಹಾಗೆಯೇ. ರಾಣಿಯನ್ನು ಅರಿಯದವನಿಗೂ ಹೋಲಿಕೆಯ ತಾತ್ಪರ್ಯ ಸ್ಪಷ್ಟ. ಗಂಡಾಲ್ಫನ ಮೇಲಣ ವಿಶ್ವಾಸ ಸ್ಥಾಪಿತವಾಗುತ್ತದೆ. ಅರಗಾರ್ನನು ಗಾದೆಯಂತೆ ಅದನ್ನು ಸಹಜವಾಗಿ ಆಡುವುದರಿಂದ, ಆ ಗಾದೆಯನ್ನು ಬಳಸುವ ಜನ, ಅವರ ಹಳೆಯ ಕಾಲ, ನಮ್ಮ ಕಲ್ಪನೆಗೆ ತಾವಾಗಿ ಒದಗುತ್ತವೆ.

ಮೌನವೇ ಗುಣವೆಂದು ಇದರಿಂದ ತಿಳಿಯಬಾರದು. ಸಂದರ್ಭಕ್ಕೆ ಸಲ್ಲದ ವಿಚಿತ್ರ ನಾಮಾವಳಿಯು ಗೂಢತೆಯ ವೇಷ ಮಾತ್ರ. ಅರ್ಸುಲಾ ಲೆ ಗ್ವಿನ್ನರು ‘ಎ ವಿಜರ್ಡ್ ಆಫ್ ಅರ್ಥ್‌ಸೀ’ (1968) ಕೃತಿಯ ಆರಂಭದಲ್ಲಿಯೇ ನಾಯಕನ ಕೀರ್ತಿಯನ್ನು ಹಾಡುವ ಗೀತೆಗಳನ್ನು ಹೆಸರಿಸಿ, ತಾವು ಹೇಳುವುದು ಆ ಕೀರ್ತಿಗೆ ಹಿಂದಿನ ಕಥೆಯೆನ್ನುತ್ತಾರೆ. ಆ ಒಂದು ಸೂಚನೆಯಿಂದ ಬಾಲಕನ ತಪ್ಪುಗಳಿಗೆಲ್ಲ ಬೇರೊಂದು ತೂಕ ಬರುತ್ತದೆ.

ಬೆರೂಥಿಯೆಲಳ ಕಥೆಯ ಸಂಗ್ರಹರೂಪವು 1980ರಲ್ಲಿ ‘ಅನ್‌ಫಿನಿಶ್ಡ್ ಟೇಲ್ಸ್’ ಗ್ರಂಥದ ಟಿಪ್ಪಣಿಯೊಂದರಲ್ಲಿ ಹೊರಬಂದಿತು. ಅದನ್ನು ತಿಳಿಯುವುದು ಅಪರಾಧವಲ್ಲ. ಆದರೆ ಪಾಠ ಹೇಳುವ ನಾವು ಆ ಟಿಪ್ಪಣಿಯನ್ನು ಮೊದಲೇ ಓದಿಬಿಟ್ಟರೆ, ವಿದ್ಯಾರ್ಥಿಗೆ ಮಾಹಿತಿ ದೊರೆತೀತು. ಮೋರಿಯಾದ ಕತ್ತಲು ದೊರೆಯದು.